ಹಾವಸೆ ಹುಡುಕಿದ ಮೇಷ್ಟ್ರು ರಿಚರ್ಡ್ ಸ್ಪ್ರೂಸ್



ಮಳೆಗಾಲದಲ್ಲಿ ನಮ್ಮ ಶಾಲೆಯ ಬಾವಿಕಟ್ಟೆ ಮೇಲೆ ಹಸಿರಾಗಿ ಮೆತ್ತಗೆ ಬೆಳೆಯುತ್ತಲ್ಲ, ಅದಕ್ಕೆ ನಾವೆಲ್ಲ ಪಾಚಿ ಅಂತೀವಿ. ಅದರ ಸರಿಯಾದ ಹೆಸರು ಹಾವಸೆ. ಹೋದ ತಿಂಗಳು ನಾನು ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ಕಾಲು ಉಳುಕಿತು. ಎಲ್ಲರೂ ನಕ್ಕರು. ಆಟದ ಪಿರಿಯಡ್‌ನಲ್ಲಿ ಒಬ್ಬನೇ ಕೂತಿದ್ದಾಗ ವಿಜ್ಞಾನದ ಮೇಷ್ಟ್ರು ಬಂದು, ಇದೇ ಹಾವಸೆಯನ್ನು ಜೀವನವಿಡೀ ಹುಡುಕಿದ ಒಬ್ಬರ ಕಥೆ ಹೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ರಿಚರ್ಡ್ ಸ್ಪ್ರೂಸ್ ಅವರು 1817ನೇ ಇಸವಿ ಸೆಪ್ಟೆಂಬರ್ 10ರಂದು ಇಂಗ್ಲೆಂಡ್ ದೇಶದ ಯಾರ್ಕ್‌ಷೈರ್‌ನ ಗ್ಯಾನ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಜನಿಸಿದರು. ಇವರ ತಂದೆ ಶಾಲಾ ಮಾಸ್ತರರು. ಸ್ಪ್ರೂಸ್ ಅವರಿಗೆ ಆರೋಗ್ಯ ಅಷ್ಟಕ್ಕಷ್ಟೆ. ಆದರೆ ಗಿಡಗಳೆಂದರೆ ಬಲು ಪ್ರೀತಿ. 16ನೇ ವಯಸ್ಸಿಗೇ ತಮ್ಮ ಊರಿನ ಸುತ್ತಲಿನ 403 ಜಾತಿ ಗಿಡಗಳ ಪಟ್ಟಿ ಬರೆದರು! ಮುಂದೆ ಯಾರ್ಕ್ ಪಟ್ಟಣದ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು.

1843ರಲ್ಲಿ ಅವರು ಟೀಸ್‌ಡೇಲ್ ಎಂಬ ಕಣಿವೆಗೆ ಹೋಗಿ ಮೂರು ವಾರ ಹುಡುಕಿದರು. ಅದಕ್ಕೆ ಮುಂಚಿನ ಒಂದು ಪುಸ್ತಕದಲ್ಲಿ ಆ ಕಣಿವೆಯ ಹಾವಸೆ ಎಂದು ಬರೀ 4 ಜಾತಿ ಇತ್ತಂತೆ. ಸ್ಪ್ರೂಸ್ ಅವರ ಪಟ್ಟಿಯಲ್ಲಿ ಹಾವಸೆ 167 ಜಾತಿ, ಅದರ ನೆಂಟನಾದ ಲಿವರ್‌ವರ್ಟ್ 41 ಜಾತಿ!

ಒಂದೇ ಕಣಿವೆಯಲ್ಲಿ ಇಷ್ಟೊಂದು ಹೇಗೆ? ಮಳೆ, ಚಳಿ ಒಂದು ಕಾರಣ. ಇನ್ನೊಂದು ಕಾರಣ ಅಲ್ಲಿಯ ಕಲ್ಲು. ಸುಮಾರು 29 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಕಾದ ಶಿಲಾರಸ ಸುಣ್ಣಕಲ್ಲಿನ ಪದರಗಳ ನಡುವೆ ನುಗ್ಗಿತು. ಅದು ಆರಿ ಕಪ್ಪು ಗಟ್ಟಿ ಬಂಡೆಯಾಯಿತು. ಅದರ ಕಾವಿಗೆ ಪಕ್ಕದ ಸುಣ್ಣಕಲ್ಲು ಬೆಂದು ಸಕ್ಕರೆ ಹಾಗೆ ಹರಳು ಹರಳಾಯಿತು. ಅದಕ್ಕೆ ಸಕ್ಕರೆ ಸುಣ್ಣಕಲ್ಲು ಅಂತಲೇ ಹೆಸರು. ಕೆಲವು ಕಡೆ ಹುಳಿ ಗುಣದ ಜೌಗು ಮಣ್ಣೂ ಇದೆ.

ಹಾವಸೆಗೆ ನಿಜವಾದ ಬೇರಿಲ್ಲ. ಮೈಮೇಲೆ ಬಿದ್ದ ನೀರನ್ನು ಎಲೆಯಿಂದಲೇ ಹೀರುತ್ತದೆ. ಆದ್ದರಿಂದ ಕೆಳಗಿನ ಕಲ್ಲಿನ ಗುಣ ಅದಕ್ಕೆ ಬೇಗ ತಾಗುತ್ತದೆ. ಟಾರ್ಟೆಲ್ಲಾ ಎಂಬ ಗುಂಗುರು ಹಾವಸೆಗೆ ಸುಣ್ಣಕಲ್ಲು ಇಷ್ಟ. ಆಂಡ್ರಿಯೇಯ ಎಂಬ ಕಪ್ಪು ಹಾವಸೆಗೆ ಸುಣ್ಣ ಕಡಿಮೆ ಇರುವ ಬಂಡೆಯೇ ಬೇಕು. ಸ್ಫಾಗ್ನಮ್ ಹುಳಿ ಜೌಗಿನಲ್ಲಿ ಬೆಳೆಯುತ್ತದೆ. ನಮ್ಮಲ್ಲಿ ಕಪ್ಪು ಮಣ್ಣಿಗೆ ಹತ್ತಿ, ಕೆಂಪು ಮಣ್ಣಿಗೆ ಕಡಲೆಕಾಯಿ ಅನ್ನೋ ಹಾಗೆ! ಕಲ್ಲು ಬಗೆಬಗೆ ಆದರೆ ಹಾವಸೆಯೂ ಬಗೆಬಗೆ.

1844ರಲ್ಲಿ ಅವರ ಶಾಲೆ ಮುಚ್ಚಿ ಕೆಲಸ ಹೋಯಿತು. 1849ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ 15 ವರ್ಷ ಅಮೆಜಾನ್ ಕಾಡು, ಆಂಡೀಸ್ ಬೆಟ್ಟ ಅಲೆದರು. ಚಳಿಜ್ವರದಿಂದ ಸಾಯುವ ಹಾಗಾಯಿತು. 1860ರಲ್ಲಿ ಸೊಂಟ, ಕಾಲು ಬಿದ್ದುಹೋದವು. ಅದೇ ವರ್ಷ, ಸರಿಯಾಗಿ ನಡೆಯಲು ಆಗದಿದ್ದರೂ, ಚಳಿಜ್ವರಕ್ಕೆ ಔಷಧಿ ಕೊಡುವ ಸಿಂಕೋನಾ ಮರದ ಸುಮಾರು 1 ಲಕ್ಷ ಬೀಜ ಮತ್ತು 600ಕ್ಕೂ ಹೆಚ್ಚು ಸಸಿ ಸಿದ್ಧಮಾಡಿ ಕಳಿಸಿದರು. ಅವುಗಳಿಂದ ನಮ್ಮ ಪಕ್ಕದ ನೀಲಗಿರಿಯಲ್ಲೂ ಸಿಂಕೋನಾ ತೋಟ ಬೆಳೆಯಿತು. ಆದರೆ 1861ರಲ್ಲಿ ಹಣ ಇಟ್ಟಿದ್ದ ವ್ಯಾಪಾರಿಗಳು ದಿವಾಳಿಯಾಗಿ, ಕೂಡಿಟ್ಟದ್ದೆಲ್ಲ ಹೋಯಿತು.

1864ರಲ್ಲಿ ಊರಿಗೆ ಮರಳಿದ ಮೇಲೆ ಚಿಕ್ಕ ಮನೆಯಲ್ಲಿ ಹೆಚ್ಚು ಹೊತ್ತು ಮಲಗಿಕೊಂಡೇ ಇರಬೇಕಾಯಿತು. ಆದರೂ ಲಿವರ್‌ವರ್ಟ್ ಬಗ್ಗೆ ದೊಡ್ಡ ಪುಸ್ತಕ ಬರೆದು ಮುಗಿಸಿದರು. 1893ನೇ ಡಿಸೆಂಬರ್ 28ರಂದು ತೀರಿಕೊಂಡರು.

ಕಾಲು ವಾಸಿಯಾದ ಮೇಲೆ ನಾನು ಬಾವಿಕಟ್ಟೆ ಹತ್ತಿರ ಕೂತು ನೋಡಿದೆ. ಕಲ್ಲಿನ ಮೇಲೆ ಒಂದು ಬಗೆ, ಸುಣ್ಣದ ಗಾರೆ ಸಂದಿಯಲ್ಲಿ ಇನ್ನೊಂದು ಬಗೆ ಇದೆ! ನಾನೂ ಒಂದು ಪಟ್ಟಿ ಶುರು ಮಾಡಿದ್ದೇನೆ. ಈಗ 3 ಬಗೆ ಆಗಿದೆ. ನಿಮ್ಮ ಮನೆ ಹತ್ತಿರ ಬೇರೆ ಕಂಡರೆ ದಯವಿಟ್ಟು ನನಗೆ ಹೇಳಿ. ನಗಬೇಡಿ.

– 7ನೇ ತರಗತಿ ವಿದ್ಯಾರ್ಥಿ