ಗುಬ್ಬಿಯಿಂದ ಹಿಂದಿರುಗಿದ ಪಾದ್ರಿ

ತುಮಕೂರಿನಿಂದ ಗುಬ್ಬಿಗೆ ಹೋಗುವ ದಾರಿಯ ತೆಂಗಿನ ತೋಟಗಳನ್ನು ನಾನು ಬಾಲ್ಯದಿಂದಲೂ ಕಂಡವನು. ಸಸಿ ನೆಡುವ ಮುದುಕನಿಗೆ ಅದರ ಎಳನೀರು ತನಗೆ ದಕ್ಕುವುದೋ ಇಲ್ಲವೋ ತಿಳಿಯದು. ಆದರೂ ಅವನು ಪಾತಿ ಮಾಡಿ ನೀರೆರೆಯುವುದನ್ನು ಬಿಡುವುದಿಲ್ಲ. ಈ ಮಾತಿನ ಮರ್ಮ ನನಗೆ ಅರಿವಾದುದು ಮಾತ್ರ ತೀರ ತಡವಾಗಿ.

ಕೆಲವು ವರ್ಷಗಳ ಹಿಂದೆ ನನ್ನ ಕಣ್ಣುಗಳು ಮಬ್ಬಾಗಿ ಓದು ನಿಂತುಹೋಯಿತು. ಮಕ್ಕಳಿಗೆ ಪಾಠ ಹೇಳಿ ಬದುಕಿದವನಿಗೆ ಅಕ್ಷರವೇ ದೂರವಾದರೆ ಉಳಿಯುವುದೇನು? ದಿನವೂ ಪ್ರಾರ್ಥಿಸಿದೆ. ಉತ್ತರ ಬರಲಿಲ್ಲ. ದೇವರ ಕಾಲ ಬರುವುದೆಂದು ಸಭೆಯ ಹಿರಿಯರು ಸಮಾಧಾನ ಹೇಳಿದಾಗ, ನಿಜ ಹೇಳಬೇಕೆಂದರೆ, ನನಗೆ ಸಿಟ್ಟೇ ಬರುತ್ತಿತ್ತು. ಆ ದಿನಗಳಲ್ಲಿ ಮೊಮ್ಮಗಳು ನನಗೆ ಓದಿ ಹೇಳಿದ್ದು ವಿಲಿಯಂ ಆರ್ಥರರ ಜೀವನವೃತ್ತಾಂತ.

ಆರ್ಥರರು ಹುಟ್ಟಿದ್ದು 1819ರಲ್ಲಿ, ಐರ್ಲೆಂಡಿನಲ್ಲಿ. ಎಳೆಯ ವಯಸ್ಸಿನಲ್ಲಿಯೇ ಉಪದೇಶಕ್ಕೆ ನಿಂತು, ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ ದೈವಶಾಸ್ತ್ರವನ್ನು ಕಲಿತು, 1839ರಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿಯಾಗಿ ಹಡಗನ್ನೇರಿದರು. ಆಗ ಅವರಿಗೆ ಇಪ್ಪತ್ತೇ ವರ್ಷ. ಅವರ ಪಾಲಿಗೆ ಬಂದ ಊರು ನಮ್ಮ ಗುಬ್ಬಿ. ಅಲ್ಲಿ ಸುಮಾರು 1837ರಲ್ಲಿ ಥಾಮಸ್ ಹಾಡ್ಸನ್ನರು ಕೆಲಸಕ್ಕೆ ತಳಹದಿ ಹಾಕಿದ್ದರು. ತರುಣ ಪಾದ್ರಿ ಕನ್ನಡವನ್ನು ಕಲಿತು ಜನರೊಡನೆ ಅವರ ನುಡಿಯಲ್ಲಿಯೇ ಮಾತನಾಡತೊಡಗಿದರು. ಬಾಳನ್ನೆಲ್ಲ ಈ ಸೀಮೆಗೇ ಮೀಸಲಿಡಬೇಕೆಂಬುದು ಅವರ ಆಸೆಯಾಗಿತ್ತು.

ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ದೇಹ ಸೋತಿತು, ಕಣ್ಣುಗಳು ಕೆಟ್ಟವು. 1841ರಲ್ಲಿ ಅವರು ಊರಿಗೆ ಮರಳಬೇಕಾಯಿತು. ಕಲಿತ ಕನ್ನಡ ನಾಲಗೆಯ ಮೇಲೆ ಹಸಿಯಾಗಿರುವಾಗಲೇ, ಕೊಯ್ಲನ್ನು ಕಾಣುವ ಮೊದಲೇ, ಇಪ್ಪತ್ತೆರಡು ವರ್ಷದ ಆ ಯುವಕ ಹೊರಟುಹೋದರು. ಕರೆದವನು ದೇವರೇ ಆಗಿದ್ದರೆ ಕಣ್ಣನ್ನೇಕೆ ಕಿತ್ತುಕೊಂಡನು? ಈ ಪ್ರಶ್ನೆಯನ್ನು ಅವರು ಕೇಳಿಕೊಂಡರೋ ಇಲ್ಲವೋ, ನಾನಂತೂ ಅವರ ಪರವಾಗಿ ಕೇಳಿದೆ.

ಆದರೆ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮೈಸೂರು ಸೀಮೆಯ ಮಿಷನ್ನನ್ನು ಕುರಿತ ಅವರ ಪುಸ್ತಕ 1847ರಲ್ಲಿ ಅಚ್ಚಾಯಿತು. ನಮ್ಮ ಕಡೆಯ ಜನಜೀವನದ ಪರಿಚಯ ಇಂಗ್ಲೆಂಡಿನ ಓದುಗರಿಗೆ ಅದರಿಂದ ದೊರೆಯಿತು. ಮುಂದೆ ಫ್ರಾನ್ಸಿನಲ್ಲಿ ಕೆಲವು ಕಾಲ ಸೇವೆ ಮಾಡಿದರು. 1851ರಿಂದ 1868ರವರೆಗೆ ಲಂಡನ್ನಿನಲ್ಲಿ ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದರು. ಒಂದು ಗುಬ್ಬಿಯನ್ನು ಬಿಟ್ಟು ಬಂದವರ ಮೇಜಿಗೆ ನಾನಾ ದೇಶಗಳ ಎಷ್ಟೋ ಗುಬ್ಬಿಗಳ ಸುಖದುಃಖ ಬಂದು ಸೇರತೊಡಗಿತು. 1866ರಲ್ಲಿ ಅವರು ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು. 1868ರಲ್ಲಿ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಪ್ರಾಂಶುಪಾಲರಾದರು. ಕಣ್ಣಿನ ಬಾಧೆ ಮಾತ್ರ ಕಡೆಯವರೆಗೂ ಬಿಡಲಿಲ್ಲ. 1901ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಅವರು ತೀರಿಕೊಂಡರು.

ಅವರಿಗೆ ಹೆಚ್ಚು ಹೆಸರು ತಂದ ಗ್ರಂಥ 1856ರಲ್ಲಿ ಪ್ರಕಟವಾದ, ಅಗ್ನಿಯ ನಾಲಗೆಯನ್ನು ಕುರಿತ ಕೃತಿ. ಪಂಚಾಶತ್ತಮ ದಿನದಂದು ಶಿಷ್ಯರ ಮೇಲೆ ಇಳಿದುಬಂದ ಪವಿತ್ರಾತ್ಮನೇ ಅದರ ವಸ್ತು. ಆದರೆ ಬೆಂಕಿಗೆ ಮುಂಚೆ ಅದರಲ್ಲಿ ಕಾಯುವಿಕೆ ಬರುತ್ತದೆ. ಕ್ರಿಸ್ತನು ಸ್ವರ್ಗಕ್ಕೇರಿದ ಮೇಲೆ ಶಿಷ್ಯರು ಯೆರೂಸಲೇಮಿನಲ್ಲಿ ಹತ್ತು ದಿನ ಕಾದಿದ್ದರು. ಎಂದು ಮುಗಿಯುವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ಅವರು ಚದುರಿಹೋಗದೆ ಒಟ್ಟಾಗಿ ಪ್ರಾರ್ಥಿಸುತ್ತಿದ್ದರು. ಕಣ್ಣನ್ನು ಕಳೆದುಕೊಂಡು ಕಾಯುವುದನ್ನು ಕಲಿತ ಮನುಷ್ಯನೇ ಇದನ್ನು ಬರೆದದ್ದು ನನಗೆ ಅಚ್ಚರಿಯೆನಿಸಲಿಲ್ಲ.

ಗುಬ್ಬಿಯ ಕೆಲಸವೂ ಅವರೊಡನೆ ಮುಗಿಯಲಿಲ್ಲ. ಅದು ಕುಣಿಗಲು, ತುಮಕೂರುಗಳಿಗೂ ಹರಡಿತು. ಹಾಡ್ಸನ್ನರು 1859ರಲ್ಲಿ ಕನ್ನಡ ವ್ಯಾಕರಣವೊಂದನ್ನು ಹೊರತಂದರು. 1877ರಲ್ಲಿ, ಎಂದರೆ ತಾವು ಗುಬ್ಬಿಗೆ ಕಾಲಿಟ್ಟ ಸುಮಾರು ನಾಲ್ವತ್ತು ವರ್ಷಗಳ ತರುವಾಯ, ಆ ಭಾಗದ ದಾನಿಯೇಲನೆಂಬ ಮುದುಕ ಭಕ್ತನ ಚರಿತ್ರೆಯನ್ನು ಪ್ರಕಟಿಸಿದರು. ಅಂದು ನೆಟ್ಟವರಲ್ಲಿ ಒಬ್ಬರು ಕಾಯಿ ಕಂಡರು. ಇನ್ನೊಬ್ಬರು ದೂರದಿಂದ ಸುದ್ದಿ ಕೇಳಿದರು.

ಆರ್ಥರರ ನಷ್ಟಕ್ಕೆ ಲಂಡನ್ನಿನ ಪದವಿಗಳೇ ಪರಿಹಾರವೆಂದು ನಾನು ಹೇಳಲಾರೆ. ದೇವರು ವ್ಯಾಪಾರಿಯಲ್ಲ. ಹೋದ ಕಣ್ಣು ಹೋದದ್ದೇ. ಗುಬ್ಬಿಯ ಸೇವೆಗೆ ಅವರು ಮತ್ತೆ ಬರಲಾಗಲಿಲ್ಲ. ನಾನು ಕಲಿತದ್ದು ಇಷ್ಟೇ: ತಾಳ್ಮೆಯೆಂದರೆ ಉತ್ತರ ದೊರೆಯುವವರೆಗೆ ಸುಮ್ಮನಿರುವುದಲ್ಲ, ಉತ್ತರ ದೊರೆಯದಿರುವಾಗಲೂ ಮುಂದಿರುವ ಕೆಲಸವನ್ನು ಮಾಡುತ್ತ, ಕೊಯ್ಲಿನ ದಿನವನ್ನು ಗೊತ್ತುಮಾಡುವ ಹಕ್ಕನ್ನು ಒಡೆಯನಿಗೆ ಬಿಟ್ಟುಕೊಡುವುದು. ಬಿಟ್ಟುಕೊಡುವುದು ಸುಲಭವೆಂದು ಹೇಳುವವನು ಕಾದವನಲ್ಲ.

ಕಳೆದ ಮಳೆಗಾಲದಲ್ಲಿ ಗುಬ್ಬಿಗೆ ಹೋಗಿದ್ದೆ. ತೋಟಗಳು ನನ್ನ ಕಣ್ಣಿಗೆ ಹಸುರು ಮಂಜಿನಂತೆ ಕಂಡವು. ದೃಷ್ಟಿ ಮರಳಿಲ್ಲ, ಸಿಟ್ಟು ತಗ್ಗಿದೆ. ಸಂಜೆ ನೆರೆಯ ಮಕ್ಕಳು ಮನೆಗೆ ಬರುತ್ತಾರೆ. ಅವರು ಓದುತ್ತಾರೆ, ನಾನು ಅರ್ಥ ಹೇಳುತ್ತೇನೆ. ಈ ಲೇಖನವನ್ನೂ ನಾನು ಹೇಳಿದಂತೆ ಬರೆದುಕೊಟ್ಟವಳು ಮೊಮ್ಮಗಳೇ.