ಗಿಡ ಒಂದೇ, ಚಹಾ ಹಲವು

ಮಕ್ಕಳೇ, ನೀವಿರುವ ಊರಿನ ಅಂಗಡಿಗಳಲ್ಲಿ ಗ್ರೀನ್ ಟೀ, ಬ್ಲ್ಯಾಕ್ ಟೀ, ವೈಟ್ ಟೀ, ಊಲಾಂಗ್ ಎಂದು ಬಣ್ಣಬಣ್ಣದ ಡಬ್ಬಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಇವು ನಾಲ್ಕು ಬೇರೆ ಗಿಡಗಳ ಎಲೆ ಅಂದುಕೊಳ್ಳಬೇಡಿ. ನಾಲ್ಕೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದವು. ಪಕ್ಕದಲ್ಲಿರುವ ಪುದೀನಾ, ಕ್ಯಾಮೊಮೈಲ್ ಡಬ್ಬಿಗಳ ಮೇಲೂ ಟೀ ಅಂತಲೇ ಬರೆದಿರುತ್ತದೆ. ನನ್ನನ್ನು ಕೇಳಿದರೆ ಅವು ಅಜ್ಜಿ ಕುದಿಸಿಕೊಡುವ ಕಷಾಯದ ಜಾತಿ.

ತೋಟದಲ್ಲಿ ಚಹಾ ಗಿಡ ಸೊಂಟದೆತ್ತರಕ್ಕಿರುತ್ತದೆ. ಸವರದೆ ಬಿಟ್ಟರೆ ಮರವೇ ಆಗುತ್ತದೆ! ಸವರಿದಷ್ಟೂ ಚಿಗುರು ಹೆಚ್ಚು, ಕೀಳುವವರ ಕೈಗೂ ಸಲೀಸು. ಒಳ್ಳೆಯ ಚಹಾಕ್ಕೆ ತುದಿಯ ಒಂದು ಮೊಗ್ಗು, ಅದರ ಕೆಳಗಿನ ಎರಡು ಎಳೆ ಎಲೆ, ಇಷ್ಟನ್ನೇ ಚಿವುಟುತ್ತಾರೆ. ಎಲೆ ತೆರೆದುಕೊಳ್ಳುವ ಮೊದಲಿನ ಚಿಗುರನ್ನೇ ಇಲ್ಲಿ ಮೊಗ್ಗು ಎನ್ನುವುದು. ಅದರ ಮೈಮೇಲೆ ಬೆಳ್ಳಗೆ ನವಿರಾದ ರೋಮವಿರುತ್ತದೆ. ಬಿಸಿಲಲ್ಲಿ, ಮಳೆಯಲ್ಲಿ ನಿಂತು ಚಿವುಟುವವರಲ್ಲಿ ಹೆಚ್ಚಿನವರು ಹೆಂಗಸರು.

ಹಾಗಾದರೆ ಇಷ್ಟೊಂದು ಬಗೆ ಹೇಗೆ ಬಂತು? ಕಿತ್ತ ಎಲೆಯನ್ನು ಬಾಡಿಸಿ ಹೊಸಕಿದರೆ ಒಳಗಿನ ರಸಕ್ಕೆ ಗಾಳಿ ತಾಗಿ, ಹೆಚ್ಚಿಟ್ಟ ಸೇಬಿನ ಹಾಗೆ ಎಲೆ ಕಂದುತ್ತದೆ. ಪೂರ್ತಿ ಕಂದಲು ಬಿಟ್ಟು ಒಣಗಿಸಿದರೆ ಬ್ಲ್ಯಾಕ್ ಟೀ, ಅರ್ಧದಲ್ಲೇ ನಿಲ್ಲಿಸಿದರೆ ಊಲಾಂಗ್. ಕಂದುವ ಮೊದಲೇ ಬಿಸಿ ತಾಗಿಸಿದರೆ ಹಸಿರು ಉಳಿದು ಗ್ರೀನ್ ಟೀ. ಇದಕ್ಕೆ ಜಪಾನಿನವರು ಹಬೆ ಹಿಡಿಯುತ್ತಾರೆ, ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಹೊಸಕದೆ ಬಾಡಿಸಿ ಒಣಗಿಸಿದ ಎಳೆ ಮೊಗ್ಗು ವೈಟ್ ಟೀ. ನಮ್ಮ ಮನೆಗಳಲ್ಲಿ ಹಾಲು, ಸಕ್ಕರೆ ಹಾಕಿ ಕುದಿಸುವ ಕಾಳಿನಂಥ ಪುಡಿ, ಎಲೆಯನ್ನು ಯಂತ್ರದಲ್ಲಿ ಹರಿದು ಸುರುಳಿ ಮಾಡಿ ತಯಾರಿಸಿದ ಬ್ಲ್ಯಾಕ್ ಟೀಯೇ.

ಚಹಾ ಕುಡಿಯುವುದರಲ್ಲಿ ಚೀನಾದವರು ಬಹಳ ಹಳಬರು. ಅಲ್ಲಿನ ಲು ಯು ಎಂಬಾತ ಎಂಟನೆಯ ಶತಮಾನದಲ್ಲೇ ಚಹಾದ ಮೇಲೆ ಒಂದು ಪುಸ್ತಕ ಬರೆದಿದ್ದ. ಭಾರತಕ್ಕೆ ಚಹಾ ತೋರಿಸಿಕೊಟ್ಟವರು ಇಂಗ್ಲಿಷರು ಎನ್ನುವ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿ ಅಸ್ಸಾಮಿಗೆ ಹೋಗುವ ಮೊದಲೇ ಅಲ್ಲಿನ ಸಿಂಗ್‌ಫೋ ಜನ ಕಾಡಿನ ಚಹಾ ಎಲೆಯನ್ನು ಹುರಿದು, ಬಿದಿರಿನ ಕೊಳವೆಗೆ ತುಂಬಿ, ಒಲೆಯ ಹೊಗೆಯಲ್ಲಿಟ್ಟು ಬಳಸುತ್ತಿದ್ದರು. ಇಂಗ್ಲಿಷರು ಮಾಡಿದ್ದು ದೊಡ್ಡ ತೋಟ, ದೊಡ್ಡ ವ್ಯಾಪಾರ. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಸ್ವಂತ ತೋಟ ಮಾಡಿದ ಮೊದಲ ಭಾರತೀಯರಲ್ಲಿ ಮಣಿರಾಮ್ ದಿವಾನ್ ಒಬ್ಬರು. 1857ರ ದಂಗೆಯಲ್ಲಿ ಸೇರಿದರೆಂದು ಇಂಗ್ಲಿಷರು 1858ರಲ್ಲಿ ಅವರನ್ನು ಗಲ್ಲಿಗೇರಿಸಿದರು.

ಕರ್ನಾಟಕ ಕಾಫಿಯ ನಾಡು, ಚಹಾ ತೋಟ ಕಡಿಮೆ. ಆದರೂ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಚಹಾ ಬೆಳೆಯುತ್ತಾರೆ. ಪಕ್ಕದ ತಮಿಳುನಾಡಿನ ನೀಲಗಿರಿಯಲ್ಲೂ ಚಹಾ ಇದೆ; ಅಲ್ಲಿನ ಸಣ್ಣ ಬೆಳೆಗಾರರಲ್ಲಿ ಬಡಗ ಸಮುದಾಯದವರು ಬಹಳ ಮಂದಿ. ಅವರ ಮಾತು ಕನ್ನಡಕ್ಕೆ ತುಂಬಾ ಹತ್ತಿರ.

ಈ ವಾರ ಒಂದು ಕೆಲಸ ಮಾಡಿ. ಉಂಡೆಯಾಗಿ ಸುತ್ತಿದ ಊಲಾಂಗ್ ಎಲೆ ಸಿಕ್ಕರೆ ಬಿಸಿನೀರಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಅಂಚಿನಲ್ಲಿರುವ ಗರಗಸದಂಥ ಹಲ್ಲುಗಳನ್ನು ನೋಡಿ. ಬಿಸಿನೀರು ಸುರಿಯುವುದನ್ನು ಮಾತ್ರ ಅಪ್ಪ ಅಮ್ಮನಿಗೇ ಬಿಡಿ.