ಡಾ. ರುಸ್ತುಂ ಜಾಲ್ ವಕೀಲ್

ನಮ್ಮ ದೇಶದ ಕಾಡುಗಳಲ್ಲಿ ಸರ್ಪಗಂಧ ಎಂಬ ಚಿಕ್ಕ ಗಿಡವೊಂದು ಬೆಳೆಯುತ್ತದೆ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಇದರ ಬೇರನ್ನು ಹಾವಿನ ಕಡಿತಕ್ಕೂ ಬುದ್ಧಿಭ್ರಮಣೆಗೂ ಮದ್ದೆಂದು ನಾಟಿ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದರು. ಈ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂಬುದನ್ನು ಜಗತ್ತಿನ ವೈದ್ಯರಿಗೆ ಮನಗಾಣಿಸಿದವರು ಡಾ. ರುಸ್ತುಂ ಜಾಲ್ ವಕೀಲ್.

ವಕೀಲ್ ಅವರು 1911ನೆಯ ಜುಲೈ 17ರಂದು ಮುಂಬಯಿಯ ಪಾರಸಿ ಕುಟುಂಬವೊಂದರಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, 1938ರಲ್ಲಿ ತಾಯ್ನಾಡಿಗೆ ಮರಳಿದರು. ಮುಂಬಯಿಯ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಹೃದಯರೋಗಿಗಳ ಚಿಕಿತ್ಸೆಗೆ ತೊಡಗಿದರು.

ರಕ್ತದೊತ್ತಡ ಏಕೆ ಏರುತ್ತದೆ? ಕೃಷ್ಣಾ ನದಿಯ ಜೂರಾಲ ಅಣೆಕಟ್ಟನ್ನು ನೆನೆಯಿರಿ. ಒಳಹರಿವು ಹೆಚ್ಚಾದಾಗ ಗೇಟುಗಳನ್ನು ತೆರೆದು ಹೆಚ್ಚಿನ ನೀರನ್ನು ಹೊರಬಿಡುತ್ತಾರೆ. ನಮ್ಮ ದೇಹದಲ್ಲಿ ಈ ಕೆಲಸ ಮೂತ್ರಪಿಂಡಗಳದು. ಅವು ಹೆಚ್ಚಾದ ಉಪ್ಪನ್ನೂ ನೀರನ್ನೂ ಮೂತ್ರದ ಮೂಲಕ ಹೊರಹಾಕುತ್ತವೆ. ಹೊರಹಾಕದಿದ್ದರೆ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಇನ್ನು ಹೊಲಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಬೆರಳಿನಿಂದ ಒತ್ತಿ ನೋಡಿ. ಒಳಗಿನ ಒತ್ತಡ ಹೆಚ್ಚುತ್ತದೆ. ಸಣ್ಣ ರಕ್ತನಾಳಗಳನ್ನು ಹೀಗೆ ಬಿಗಿಗೊಳಿಸುವ ಕೆಲಸ ನರಗಳದು. ನರಗಳು ಮೂತ್ರಪಿಂಡಗಳಿಗೂ ಸಂದೇಶ ಕಳುಹಿಸುತ್ತವೆ. ಆಗ ಮೂತ್ರಪಿಂಡಗಳು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಅದರಿಂದ ನಾಳಗಳು ಮತ್ತಷ್ಟು ಬಿಗಿಯಾಗಿ, ಉಪ್ಪು ಮೈಯಲ್ಲೇ ಉಳಿಯುತ್ತದೆ.

ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾದರೆ ಇಡೀ ದೇಹದ ರಕ್ತದೊತ್ತಡ ಏರುತ್ತದೆ ಎಂಬುದನ್ನು ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ತೋರಿಸಿದ್ದರು. ಆದರೆ ಕಾರಣ ಗೊತ್ತಾದರೂ ಒಳ್ಳೆಯ ಮದ್ದಿರಲಿಲ್ಲ. ಕೆಲವು ವೈದ್ಯರು ಶಸ್ತ್ರಚಿಕಿತ್ಸೆಯಿಂದ ನರಗಳನ್ನೇ ಕತ್ತರಿಸುತ್ತಿದ್ದರು. ಕೆಲವರು ರೋಗಿಗಳಿಗೆ ಬರಿಯ ಅನ್ನ ಮತ್ತು ಹಣ್ಣಿನ ಪಥ್ಯವನ್ನು ವಿಧಿಸುತ್ತಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರೂ ಅಧಿಕ ರಕ್ತದೊತ್ತಡದಿಂದ ಬಳಲಿ, 1945ರಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು 1931ರಲ್ಲೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದಿದ್ದರು. ಹೊರದೇಶದವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಹಿಂದಿನವರು ಹೇಳಿದರೆಂದು ವಕೀಲ್ ಅವರು ಒಪ್ಪಿಬಿಡಲಿಲ್ಲ; ನಾಟಿ ಮದ್ದೆಂದು ತಳ್ಳಿಹಾಕಲೂ ಇಲ್ಲ. ಬೇರಿನ ಮಾತ್ರೆಗಳನ್ನು ರೋಗಿಗಳಿಗೆ ವಾರಗಟ್ಟಲೆ ಕೊಟ್ಟರು. ಪ್ರತಿಯೊಬ್ಬರ ರಕ್ತದೊತ್ತಡವನ್ನು ಅಳೆದು ಬರೆದಿಟ್ಟರು. ಹೆಚ್ಚಿನವರಲ್ಲಿ ಒತ್ತಡ ಮೆಲ್ಲಮೆಲ್ಲನೆ ಇಳಿಯಿತು. ಅವರ ಲೇಖನ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದಿದ ಬೇರೆ ದೇಶಗಳ ವೈದ್ಯರೂ ಈ ಮದ್ದನ್ನು ಪರೀಕ್ಷಿಸತೊಡಗಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ನರಗಳ ತುದಿಯಲ್ಲಿ ಸಂಗ್ರಹವಾಗಿರುವ ಉದ್ರೇಕಕಾರಿ ರಾಸಾಯನಿಕವನ್ನು ಅದು ಬರಿದು ಮಾಡುತ್ತದೆ. ಇದರಿಂದ ನಾಳಗಳ ಬಿಗಿತ ಸಡಿಲುತ್ತದೆ. ಚಾಕುವಿನಿಂದ ಮಾಡುತ್ತಿದ್ದ ಕೆಲಸವನ್ನು ಒಂದು ಬೇರು ಮಾಡಿತು!

ಈ ಸಾಧನೆಗಾಗಿ ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು. 1958ರಲ್ಲಿ ಭಾರತ ಸರ್ಕಾರವು ಪದ್ಮಭೂಷಣವನ್ನೂ, 1965ರಲ್ಲಿ ವೈಜ್ಞಾನಿಕ ಸಂಶೋಧನಾ ಮಂಡಳಿಯು ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯನ್ನೂ ನೀಡಿ ಗೌರವಿಸಿದವು. ಅವರು 1974ನೆಯ ನವೆಂಬರ್ 20ರಂದು ನಿಧನ ಹೊಂದಿದರು.

ರಿಸರ್ಪಿನ್ ದೋಷವಿಲ್ಲದ ಮದ್ದೇನಲ್ಲ. ಪ್ರಮಾಣ ಹೆಚ್ಚಾದಾಗ ಕೆಲವರ ಮನಸ್ಸು ಕುಗ್ಗುತ್ತಿತ್ತು. ಮುಂದೆ ಮೂತ್ರ ಹೆಚ್ಚಿಸುವ ಮತ್ತು ರೆನಿನ್ನಿನ ಪ್ರಭಾವವನ್ನು ತಡೆಯುವ ಮದ್ದುಗಳು ಬಂದವು. ಇಂದು ವೈದ್ಯರು ರಿಸರ್ಪಿನ್ನನ್ನು ಬಳಸುವುದು ವಿರಳ. ಅತಿಯಾಗಿ ಕಿತ್ತಿದ್ದರಿಂದ ಕಾಡುಗಳಲ್ಲಿ ಸರ್ಪಗಂಧವೂ ಕಡಿಮೆಯಾಗಿದೆ. ಅದರ ವ್ಯಾಪಾರಕ್ಕೆ ನಿರ್ಬಂಧಗಳಿವೆ. ಆದರೆ ವಕೀಲ್ ಅವರು ತೋರಿದ ದಾರಿ ಹಳತಾಗಿಲ್ಲ. ಅಧಿಕ ರಕ್ತದೊತ್ತಡವು ಬಹಳ ಮಂದಿಯಲ್ಲಿ ಯಾವ ಸೂಚನೆಯನ್ನೂ ಕೊಡದೆ ಮೂತ್ರಪಿಂಡ, ಹೃದಯ, ಮೆದುಳುಗಳನ್ನು ಕೆಡಿಸುತ್ತದೆ. ಅಳೆದು ನೋಡಿದರೆ ಮಾತ್ರ ಅದು ತಿಳಿಯುತ್ತದೆ. ಊಟದಲ್ಲಿ ಉಪ್ಪನ್ನು ಮಿತಗೊಳಿಸುವುದೂ, ಮನೆಯ ಹಿರಿಯರು ಆಗಾಗ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುವಂತೆ ನೋಡಿಕೊಳ್ಳುವುದೂ ನಮ್ಮ ಕೈಯಲ್ಲೇ ಇದೆ.